ಡಿಗ್ರಿ ಇಲ್ಲದ ವಿಜ್ಞಾನ ಮಾಸ್ತರ: ಶಿವರಾಮ ಕಾರಂತ

ಶಿವರಾಮ ಕಾರಂತರೆಂದರೆ ನಮ್ಮೂರ ಹಿರಿಯರಿಗೆ ‘ಚೋಮನ ದುಡಿ’ ನೆನಪಾಗುತ್ತದೆ. ಕನ್ನಡ ಕಲಿಸುವ ಗುರುಗಳಿಗೆ ‘ಮರಳಿ ಮಣ್ಣಿಗೆ’, ನೌಕರಿ ಪರೀಕ್ಷೆಗೆ ಓದುವ ಹುಡುಗರಿಗೆ ಜ್ಞಾನಪೀಠ. ಸುವರ್ಣ ಮಹೋತ್ಸವದ ಸಂಚಿಕೆಗೆ ವಿಜ್ಞಾನದ ಬಗ್ಗೆ ಏನಾದರೂ ಬರೆದು ಕಳಿಸು ಎಂದು ಗುರುಗಳು ಫೋನು ಮಾಡಿದಾಗ ನನಗೆ ಹೊಳೆದದ್ದು ಇನ್ನೊಬ್ಬ ಕಾರಂತರು. ಕನ್ನಡ ಶಾಲೆಯ ಮಕ್ಕಳಿಗಾಗಿ ಕೂತು ವಿಜ್ಞಾನ ಬರೆದವರು.

ಅವರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ದಕ್ಷಿಣ ಕನ್ನಡದ ಕೋಟದಲ್ಲಿ. ಮಂಗಳೂರಿನಲ್ಲಿ ಕಾಲೇಜು ಕಲಿಯುವಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ಬಂತು. ಓದು ಅಲ್ಲಿಗೇ ನಿಂತಿತು. ಆಮೇಲೆ ಡಿಗ್ರಿ ಪಡೆಯುವ ಗೋಜಿಗೆ ಅವರು ಹೋಗಲಿಲ್ಲ. ಖಾದಿ ಪ್ರಚಾರ, ‘ವಸಂತ’ ಎಂಬ ಪತ್ರಿಕೆ, ನಾಟಕ, ಯಕ್ಷಗಾನ, ಮೂಕಿ ಸಿನೆಮಾ ಎಲ್ಲದಕ್ಕೂ ಕೈ ಹಾಕಿದರು. ಮನೆಯವರು ಎಷ್ಟು ತಲೆ ಚಚ್ಚಿಕೊಂಡಿರಬೇಕು! ಪುತ್ತೂರಿಗೆ ಬಂದು ನೆಲೆಸಿದಾಗ ಬೆನ್ನಿಗೆ ನಿಂತವರು ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರು. ಅಲ್ಲಿಯೇ ‘ಬಾಲವನ’ ಹುಟ್ಟಿತು. ಮಕ್ಕಳು ಹಾಡಿ, ಕುಣಿದು, ನೋಡಿ ಕಲಿಯಬೇಕು, ಬರೀ ಬಾಯಿಪಾಠದಿಂದ ಅಲ್ಲ ಎಂಬ ಪ್ರಯೋಗ ಅಲ್ಲಿ ನಡೆಯಿತು.

ಮಕ್ಕಳ ಜೊತೆ ಇದ್ದವರಿಗೆ ಅವರ ಪ್ರಶ್ನೆಗಳ ಕಾಟ ಗೊತ್ತು. ಮಿಂಚು ಮೊದಲು ಕಂಡು ಗುಡುಗು ಆಮೇಲೆ ಯಾಕೆ ಕೇಳುತ್ತದೆ? ಚಂದ್ರ ಯಾಕೆ ನಮ್ಮ ಹಿಂದೆಯೇ ಬರುತ್ತಾನೆ? ಇಂಗ್ಲಿಷ್ ಮಕ್ಕಳಿಗೆ ಉತ್ತರ ಹುಡುಕಲು ಆರ್ಥರ್ ಮೀ ಸಂಪಾದಿಸಿದ ಮಕ್ಕಳ ವಿಶ್ವಕೋಶ 1908ರಿಂದಲೇ ಬರತೊಡಗಿತ್ತು. ಅದರ ಹಿಂದೆ ದೊಡ್ಡ ಪ್ರಕಾಶನ ಸಂಸ್ಥೆ ಇತ್ತು, ಲೇಖಕರ ತಂಡವೇ ಇತ್ತು. ಕನ್ನಡಕ್ಕೆ ಅಂಥದ್ದು ಬೇಕೆಂದು ಕಾರಂತರಿಗೆ ಅನ್ನಿಸಿತು. ತಂಡ ಎಲ್ಲಿಂದ ಬರಬೇಕು? ಒಬ್ಬರೇ ಕೂತು ಬರೆದರು. 1936ರಲ್ಲಿ ‘ಬಾಲ ಪ್ರಪಂಚ’ ಮೂರು ಸಂಪುಟಗಳಲ್ಲಿ ಬಂತು, ಚಿತ್ರಗಳ ಸಹಿತ.

ಆ ಕಾಲವನ್ನು ಸ್ವಲ್ಪ ಕಣ್ಮುಂದೆ ತಂದುಕೊಳ್ಳಿ. ಧಾರವಾಡ ಜಿಲ್ಲೆ ಮುಂಬೈ ಪ್ರಾಂತದಲ್ಲಿ, ಪುತ್ತೂರು ಮದ್ರಾಸ್ ಪ್ರಾಂತದಲ್ಲಿ, ರಾಯಚೂರು ನಿಜಾಮರ ಕೈಯಲ್ಲಿ, ಬೆಂಗಳೂರು ಮೈಸೂರು ಮಹಾರಾಜರದು. ಕನ್ನಡ ಮಕ್ಕಳಿಗೆ ಒಂದೇ ಪಠ್ಯಪುಸ್ತಕವೂ ಇರಲಿಲ್ಲ, ಒಂದೇ ಸರಕಾರವೂ ಇರಲಿಲ್ಲ. ಮುದ್ರಣವೆಂದರೆ ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸುವ ಕೆಲಸ. ಒಂದು ಚಿತ್ರ ಹಾಕಬೇಕೆಂದರೆ ಅದಕ್ಕೊಂದು ಲೋಹದ ಬ್ಲಾಕು ಮಾಡಿಸಬೇಕು, ಪ್ರತಿ ಬ್ಲಾಕಿಗೂ ರೊಕ್ಕ ಎಣಿಸಬೇಕು. ಆಗ ಕಾರಂತರಿಗೆ 33 ದಾಟಿತ್ತು, ಹೆಚ್ಚು ಕಡಿಮೆ ನನ್ನ ಈಗಿನ ವಯಸ್ಸು. ಲೀಲಾ ಅವರನ್ನು ಮದುವೆಯಾದದ್ದೂ ಅದೇ ವರ್ಷ. ನಮ್ಮ ಆಫೀಸಿನಲ್ಲಿ ಒಂದು ಸಣ್ಣ ಆ್ಯಪ್ ಮಾಡಲು ಹನ್ನೆರಡು ಮಂದಿ ಆರು ತಿಂಗಳು ಕೂಡುತ್ತೇವೆ, ಅದಕ್ಕೂ ವಾರಕ್ಕೆ ಮೂರು ಮೀಟಿಂಗು.

ಅವರು ಅಲ್ಲಿಗೆ ಬಿಡಲಿಲ್ಲ. 1940ರಲ್ಲಿ ‘ಸಿರಿಗನ್ನಡ ಅರ್ಥಕೋಶ’ ತಂದರು. ಅಮೆರಿಕದ ರೇಚೆಲ್ ಕಾರ್ಸನ್ ಸಮುದ್ರದ ಬಗ್ಗೆ ಬರೆದ ಹೆಸರಾಂತ ಪುಸ್ತಕವನ್ನು ಕನ್ನಡಕ್ಕೆ ತಂದರು. 1959ರಿಂದ 1964ರ ನಡುವೆ ದೊಡ್ಡವರಿಗೂ ಆಗುವಂಥ ‘ವಿಜ್ಞಾನ ಪ್ರಪಂಚ’ ನಾಲ್ಕು ಸಂಪುಟಗಳಲ್ಲಿ ಬಂತು. ಭೌತಶಾಸ್ತ್ರ, ಜೀವಶಾಸ್ತ್ರ ಯಾವುದರಲ್ಲೂ ಅವರು ಡಿಗ್ರಿ ಪಡೆದಿರಲಿಲ್ಲ. ಪುಸ್ತಕ ತರಿಸಿ, ಓದಿ, ತಮಗೆ ತಿಳಿದ ಮೇಲೆ ಬರೆದರು. ತಾನೇ ಕಲಿತವನಿಗೆ ಎಲ್ಲಿ ಎಡವುತ್ತೇವೆ ಎಂಬುದು ಗೊತ್ತಿರುತ್ತದೆ. ಅದಕ್ಕೇ ಅವರ ವಾಕ್ಯ ಎದುರು ಕೂತು ಹೇಳಿದಂತೆ ಇರುತ್ತದೆ ಎಂದು ನನಗೆ ಅನ್ನಿಸುತ್ತದೆ. ಅಮರ ಚಿತ್ರ ಕಥೆಯ ಅನೇಕ ಪುಸ್ತಕಗಳನ್ನು ಕನ್ನಡಿಸಿದವರೂ ಅವರೇ. ಬಸ್‌ಸ್ಟ್ಯಾಂಡಿನಲ್ಲಿ ಅವನ್ನು ಕೊಂಡು ಓದಿದ ನಮ್ಮಲ್ಲಿ ಎಷ್ಟು ಜನ ಅನುವಾದಕರ ಹೆಸರು ನೋಡಿದ್ದೇವೆ?

ಇದು ನಮಗೆ ಯಾಕೆ ಮುಖ್ಯ? ಹತ್ತನೇ ಇಯತ್ತೆಯವರೆಗೆ ನಾನು ಕಲಿತ ವಿಜ್ಞಾನವೆಲ್ಲ ಕನ್ನಡದ್ದು. ಬಿಇ ಸೇರಿದ ಮೊದಲ ತಿಂಗಳು, ಗೊತ್ತಿದ್ದ ವಿಷಯವೇ ಇಂಗ್ಲಿಷಿನ ಅಂಗಿ ತೊಟ್ಟು ಬಂದಾಗ ಗುರುತು ಸಿಗಲಿಲ್ಲ. ಆದರೂ ‘ಜಡತ್ವ’ವನ್ನು ನಮ್ಮ ಗುರುಗಳು ಚಕ್ಕಡಿಯ ಉದಾಹರಣೆಯಿಂದ ಹೇಳಿದ್ದರಿಂದ, ಎತ್ತು ತಟ್ಟನೆ ನಿಂತರೆ ಮುಂದಕ್ಕೆ ವಾಲುವುದು ನೆನಪಿದ್ದುದರಿಂದ, ಹೊಸ ಹೆಸರು ಅಂಟಿಸಿಕೊಳ್ಳುವುದಷ್ಟೇ ಉಳಿಯಿತು. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಬಂದ ಗೆಳೆಯರಿಗೆ ಹೆಸರು ಗೊತ್ತಿತ್ತು, ಚಕ್ಕಡಿ ಗೊತ್ತಿರಲಿಲ್ಲ. ಈಗ ಹುಡುಗರ ಕೈಯಲ್ಲಿ ಮೊಬೈಲು ಇದೆ, ವಿಡಿಯೋಗಳಿಗೆ ಬರವಿಲ್ಲ. ಕನ್ನಡದಲ್ಲಿ ಸಿಗುವ ಬಹಳಷ್ಟು ಮಾತ್ರ ಯಂತ್ರ ಅನುವಾದಿಸಿದಂತೆ ಒಣಒಣ. ಯಂತ್ರದ ಕೆಲಸ ಮಾಡುವವನಾಗಿಯೇ ಹೇಳುತ್ತೇನೆ, ಬೆಣ್ಣೆಹಳ್ಳಕ್ಕೆ ಯಾಕೆ ನೆರೆ ಬರುತ್ತದೆ, ಎರಿ ಹೊಲ ಬ್ಯಾಸಿಗೆಯಲ್ಲಿ ಯಾಕೆ ಬಿರಿಯುತ್ತದೆ ಎಂದು ಏಳನೇ ಇಯತ್ತೆಯ ಹುಡುಗಿಗೆ ತಿಳಿಯುವ ಹಾಗೆ ಬರೆಯಲು ಊರು ಬಲ್ಲ ಮನುಷ್ಯನೇ ಬೇಕು.

ನಮ್ಮ ಜಿಲ್ಲೆಗೂ ಅವರ ಋಣ ಇದೆ. ಎಂಬತ್ತರ ದಶಕದಲ್ಲಿ ಊರೂರಿನ ಗೋಮಾಳ, ಸಾಮೂಹಿಕ ಭೂಮಿಯನ್ನು ನೀಲಗಿರಿ ಬೆಳೆಸಲು ಕಂಪನಿಗೆ ಕೊಟ್ಟಾಗ ರೈತರು ಎದ್ದು ನಿಂತರು. ಅಂದು ಧಾರವಾಡ ಜಿಲ್ಲೆಯಲ್ಲಿದ್ದ, ಇಂದು ಹಾವೇರಿಗೆ ಸೇರಿದ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ನೀಲಗಿರಿ ಸಸಿ ಕಿತ್ತು, ಜನರಿಗೆ ಬೇಕಾದ ಗಿಡ ನೆಡುವ ಸತ್ಯಾಗ್ರಹ ನಡೆಯಿತು. ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಕಾರಂತರೂ ಒಬ್ಬರು. ಎರಡು ವರ್ಷದ ನಂತರ ಕೈಗಾ ಅಣುಸ್ಥಾವರ ಬೇಡವೆಂದು ಲೋಕಸಭೆ ಚುನಾವಣೆಗೂ ನಿಂತು ಸೋತರು. ವಿಜ್ಞಾನ ಬರೆದವರೇ ವಿಜ್ಞಾನದ ಸ್ಥಾವರಕ್ಕೆ ಅಡ್ಡ ಬಂದರೆಂದು ಆಡಿಕೊಂಡವರಿದ್ದಾರೆ. ಕೈಗಾ ಬಗ್ಗೆ ನನ್ನ ಅಭಿಪ್ರಾಯ ಅವರದಕ್ಕಿಂತ ಬೇರೆ. ಆದರೆ ತಿಳಿದುಕೊಂಡವನಿಗೇ ಪ್ರಶ್ನೆ ಕೇಳುವ ಹಕ್ಕು ಹೆಚ್ಚು ಎಂಬುದನ್ನು ಒಪ್ಪುತ್ತೇನೆ.

1997ರ ಡಿಸೆಂಬರ್ 9ರಂದು ಅವರು ತೀರಿಕೊಂಡಾಗ 95 ತುಂಬಿತ್ತು. ಆ ವಯಸ್ಸಿನಲ್ಲಿಯೂ ಬರೆದದ್ದು ಹಕ್ಕಿಗಳ ಬಗ್ಗೆ ಒಂದು ಪುಸ್ತಕ! 2002ರಲ್ಲಿ ಅದನ್ನು ಪ್ರಕಟಿಸಿದ್ದು ನಮ್ಮ ಧಾರವಾಡದ ಮನೋಹರ ಗ್ರಂಥಮಾಲೆ. ನಮ್ಮ ಬ್ಯಾಚಿನವರು ಶಾಲೆಗೆ ಕೊಡುತ್ತಿರುವ ಪುಸ್ತಕಗಳ ಪಟ್ಟಿಯಲ್ಲಿ ಅದನ್ನೂ, ‘ವಿಜ್ಞಾನ ಪ್ರಪಂಚ’ವನ್ನೂ ಸೇರಿಸಿದ್ದೇವೆ. ಹಳೆಯ ಸಂಪುಟಗಳು ಅಂಗಡಿಯಲ್ಲಿ ಸಿಗುವುದು ಕಷ್ಟ. ಯಾರ ಮನೆಯ ಅಟ್ಟದ ಮೇಲಾದರೂ ‘ಬಾಲ ಪ್ರಪಂಚ’ ಇದ್ದರೆ ಗ್ರಂಥಾಲಯದ ಗುರುಗಳಿಗೆ ತಿಳಿಸಿರಿ, ಬೈಂಡಿಂಗ್ ಖರ್ಚು ನಮ್ಮದು.