ರಾಗಿ ಲಕ್ಷ್ಮಣಯ್ಯನವರು

ಹತ್ತನೇ ತರಗತಿಯಲ್ಲಿ ಜೈವಿಕ ತಂತ್ರಜ್ಞಾನದ ಪಾಠ ಬಂದಾಗ ನಮ್ಮ ಜೀವಶಾಸ್ತ್ರದ ಮೇಷ್ಟ್ರು ಇನ್ಸುಲಿನ್ ತಯಾರಿಸುವ ಬ್ಯಾಕ್ಟೀರಿಯಾ, ಬಿ.ಟಿ. ಹತ್ತಿ ಎಲ್ಲವನ್ನೂ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದರು. ನಮಗೆ ಅದೆಲ್ಲ ಅಮೆರಿಕದ ಕತೆಯಂತೆ ಕೇಳಿಸಿತು. ಕೊನೆಗೆ ಅವರು, ನಿಮ್ಮ ಮನೆಗಳಲ್ಲಿ ಯಾವ ರಾಗಿ ಬಿತ್ತುತ್ತಾರೆ ಎಂದು ಕೇಳಿದರು. ಹಲವರು ಇಂಡಾಫ್ ಎಂದೆವು. ನಾನು ಅದೊಂದು ಬೀಜದ ಕಂಪನಿ ಎಂದುಕೊಂಡಿದ್ದೆ. ಇಂಡಿಯಾ, ಆಫ್ರಿಕಾ ಎರಡನ್ನೂ ಸೇರಿಸಿ ಮಾಡಿದ ಹೆಸರು ಅದು ಎಂದು ಹೇಳಿ, ಮೇಷ್ಟ್ರು ಆ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರ ವಿಷಯ ತಿಳಿಸಿದರು. ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಬರೆಯಬೇಕೆಂದಾಗ ನನಗೆ ಮೊದಲು ನೆನಪಾದವರು ಅವರೇ.

ಲಕ್ಷ್ಮಣಯ್ಯನವರು ಹುಟ್ಟಿದ್ದು 1921ರಲ್ಲಿ, ಮೈಸೂರು ಬಳಿಯ ಹಾರೋಹಳ್ಳಿಯಲ್ಲಿ. ಮಂಡ್ಯದ ವಿ.ಸಿ. ಫಾರಂ ಅವರ ಕರ್ಮಭೂಮಿ. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳು ಮೊದಲು ಬಂದವು. ಆಮೇಲೆ ಅವರು ಆಫ್ರಿಕಾದ ರಾಗಿಯತ್ತ ತಿರುಗಿದರು. ರಾಗಿಯ ತವರು ಆಫ್ರಿಕಾವೇ. ಅಲ್ಲಿಯ ದಪ್ಪ ತೆನೆಯನ್ನು ನಮ್ಮ ನೆಲಕ್ಕೆ ಒಗ್ಗಿದ ರಾಗಿಯೊಂದಿಗೆ ಕೂಡಿಸಿದ್ದರಿಂದ 1970ರ ದಶಕದಲ್ಲಿ ಇಂಡಾಫ್ ತಳಿಗಳು ಒಂದೊಂದಾಗಿ ಹೊರಬಂದವು.

ಕೂಡಿಸುವುದು ಎಂದು ಬರೆಯುವುದು ಸುಲಭ. ರಾಗಿಯ ಹೂವು ಕಣ್ಣಿಗೆ ಕಾಣುವುದೇ ಕಷ್ಟ. ಬೆಳಗಿನ ಜಾವಕ್ಕೆ ಅರಳಿ, ತನ್ನ ಪರಾಗದಿಂದ ತಾನೇ ಕಾಳು ಕಟ್ಟಿಬಿಡುತ್ತದೆ. ಹಾಗಾಗಿ ತಳಿ ಬೆಳೆಸುವವರು ತೆನೆಯನ್ನು ಬಿಸಿನೀರಿನಲ್ಲಿ ಅದ್ದಿ ಪರಾಗವನ್ನು ನಿರ್ಜೀವಗೊಳಿಸುವುದು, ಎರಡು ಗಿಡಗಳ ತೆನೆಗಳನ್ನು ಜೋಡಿಸಿ ಕಟ್ಟುವುದು ಮುಂತಾದ ಉಪಾಯ ಮಾಡುತ್ತಾರೆ. ಗಂಡಾಗಿ ನೇರಳೆ ಬಣ್ಣದ ಗಿಡ ಆರಿಸಿದರೆ, ಹಸಿರು ಗಿಡದ ಕಾಳಿನಿಂದ ನೇರಳೆ ಸಸಿ ಬಂದಾಗ ಕೂಡಿಕೆ ಆಗಿದೆ ಎಂದರ್ಥ. ಮೆಂಡಲ್‌ನ ಬಟಾಣಿ ಪಾಠ ನನಗೆ ನಿಜವಾಗಿ ಅರ್ಥವಾದದ್ದು ಇಲ್ಲಿ. ಅಲ್ಲಿಂದ ಮುಂದೆ ಬೆಳೆಯಿಂದ ಬೆಳೆಗೆ ಒಳ್ಳೆಯ ಗಿಡಗಳನ್ನು ಆರಿಸುತ್ತಾ ವರ್ಷಗಟ್ಟಲೆ ಕಾಯಬೇಕು. ನಾನು ಬರೆದ ಪ್ರೋಗ್ರಾಂ ಸರಿಯೋ ತಪ್ಪೋ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ, ಆದರೂ ನನಗೆ ತಾಳ್ಮೆ ಸಾಲದು.

ಇದು ತಳಿ ಎಂಜಿನಿಯರಿಂಗ್ ಅಲ್ಲ ಎಂದು ಮೇಷ್ಟ್ರು ಒತ್ತಿ ಹೇಳಿದ್ದರು. ಬೇರೆ ಜೀವಿಯ ಜೀನ್ ಕತ್ತರಿಸಿ ತುಂಬಿಲ್ಲ, ರಾಗಿಗೆ ರಾಗಿಯನ್ನೇ ಕೂಡಿಸಿದ್ದು. ಊರಲ್ಲಿ ಈಗಲೂ ಕೆಲವರು ಇಂಡಾಫನ್ನು ಇಂಜೆಕ್ಷನ್ ರಾಗಿ ಎನ್ನುವುದುಂಟು, ಅವರಿಗಾಗಿ ಈ ಮಾತು.

ಲಕ್ಷ್ಮಣಯ್ಯನವರ ಕೆಲಸದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದು. ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಟೊಮೆಟೊ ಬೆಳೆಯುವವರು ಹೈಬ್ರಿಡ್ ಬೀಜವನ್ನು ಪ್ರತಿ ಸಲ ದುಡ್ಡು ಕೊಟ್ಟೇ ತರಬೇಕು. ಅವರ ರಾಗಿ ಹಾಗಲ್ಲ. ಕಣದಲ್ಲಿ ಒಳ್ಳೆಯ ತೆನೆ ಆರಿಸಿಟ್ಟರೆ ಮುಂದಿನ ವರ್ಷಕ್ಕೆ ಅದೇ ಬೀಜ. ಒಂದು ವರ್ಷ ಸಾಗಣೆ ಖರ್ಚೂ ಹುಟ್ಟದೆ ಅಪ್ಪ ಟೊಮೆಟೊವನ್ನು ಹೊಲದಲ್ಲೇ ಬಿಟ್ಟರು. ಅದೇ ವರ್ಷ ನಾನು ಬಿ.ಇ. ಸೇರಿದೆ. ಫೀಸಿಗೆ ಸಾಲವಾಯಿತು, ಆದರೆ ಮನೆಯಲ್ಲಿ ಮುದ್ದೆಗೆ ಕೊರತೆಯಾಗಲಿಲ್ಲ.

ಹೊಸ ತಳಿ ಬಂದು ಹಳೆಯ ನಾಟಿ ರಾಗಿಗಳು ಮರೆಯಾದವು ಎಂದು ನಮ್ಮಜ್ಜಿ ಕೊರಗುತ್ತಿದ್ದರು. ಅದೂ ನಿಜ. ಇಂಡಾಫ್‌ಗೂ ಬೆಂಕಿ ರೋಗ ಬಂತು. ಅದನ್ನು ತಡೆಯುವ ಜಿ.ಪಿ.ಯು. 28 ಈಗ ಎಲ್ಲೆಡೆ ಇದೆ, ಆದರೆ ಅದರ ವಂಶದಲ್ಲೂ ಇಂಡಾಫ್ 5 ಇದೆ. 2017ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ರಾಗಿಯ ಜೀನೋಮನ್ನೇ ಓದಿ ಪ್ರಕಟಿಸಿದರು.

ಲಕ್ಷ್ಮಣಯ್ಯನವರು 1993ರಲ್ಲಿ ತೀರಿಕೊಂಡರು. ನಾನು ಓದಿದ ಪಠ್ಯಪುಸ್ತಕದಲ್ಲಿ ಅವರ ಹೆಸರಿರಲಿಲ್ಲ, ಮೇಷ್ಟ್ರು ಬೋರ್ಡಿನ ಮೂಲೆಯಲ್ಲಿ ಬರೆದಿದ್ದರು. ಹೋದ ಸುಗ್ಗಿಯಲ್ಲಿ ಊರಿಗೆ ಬಂದಾಗ ಅಪ್ಪ ಬೀಜಕ್ಕೆಂದು ತೆನೆ ಆರಿಸುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಆರಿಸಿದೆ. ನಾನು ಆರಿಸಿದ್ದರಲ್ಲಿ ಅರ್ಧದಷ್ಟನ್ನು ಅವರು ಏನೂ ಮಾತಾಡದೆ ವಾಪಸ್ ರಾಶಿಗೆ ಹಾಕಿದರು.