ಆತ್ಮದ ಆರೈಕೆಯನ್ನು ಮರೆಯದ ಸಂತ ಜೋಸೆಫ್ ವಾಜ್

ಹಂಪನಕಟ್ಟೆಯ ಗದ್ದಲದ ನಡುವೆ ನಿಂತಿರುವ ಮಿಲಾಗ್ರಿಸ್ ಇಗರ್ಜಿಯನ್ನು 1680ರಲ್ಲಿ ಸ್ಥಾಪಿಸಿದವರು ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ಟ್ರೊ. ರೋಮಿನಿಂದ ನೇಮಕಗೊಂಡ ಅವರ ಅಧಿಕಾರವನ್ನು ಗೋವೆಯ ಪೋರ್ತುಗೀಸರು ಒಪ್ಪಿರಲಿಲ್ಲ. ಕ್ರೈಸ್ತ ಸಮುದಾಯ ಇಬ್ಭಾಗವಾಗಿದ್ದ ಆ ಹೊತ್ತಿನಲ್ಲಿ, 1681ರಲ್ಲಿ, ಗೋವೆಯಿಂದ ಕೆನರಾಕ್ಕೆ ಬಂದವರು ಮೂವತ್ತರ ಹರೆಯದ ಗುರು ಜೋಸೆಫ್ ವಾಜ್.

ತಮ್ಮನ್ನು ಕಳುಹಿಸಿದವರ ಪಕ್ಷ ಹಿಡಿದು ಹೋರಾಡುವುದು ಸುಲಭವಿತ್ತು. ಅವರಾದರೋ ಧರ್ಮಾಧ್ಯಕ್ಷರ ನೇಮಕಪತ್ರವನ್ನು ಕೇಳಿ ನೋಡಿ, ಅದನ್ನು ಮನ್ನಿಸಿ, ಸಂಧಾನಕ್ಕೆ ಯತ್ನಿಸಿದರು. ಎರಡು ಕಡೆಯ ಬೇಸರವನ್ನು ಹೊತ್ತೂ ಕಹಿಯಾಗದೆ ಉಳಿಯುವುದು ಸಾಮಾನ್ಯ ಸಂಗತಿಯಲ್ಲ. ಮುಡಿಪಿನ ಗುಡ್ಡದಲ್ಲಿ ಅವರು ಪ್ರಾರ್ಥಿಸಿದರೆಂಬ ಐತಿಹ್ಯವನ್ನು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ, ಉತ್ತರ ಅಲ್ಲಿರಬೇಕು.

1684ರಲ್ಲಿ ಗೋವೆಗೆ ಮರಳಿದ ಮೇಲೆ ಅವರು ಹುದ್ದೆಯನ್ನು ಅರಸಲಿಲ್ಲ. ಮರುವರ್ಷ, ಕೂಡಿ ಬಾಳಿ ಪ್ರಾರ್ಥಿಸುತ್ತಿದ್ದ ಕೆಲವೇ ಗುರುಗಳ ಬಳಗವನ್ನು ಸೇರಿದರು. ದಣಿದ ದೇಹಕ್ಕೆ ಅನ್ನದಂತೆ ದಣಿದ ಆತ್ಮಕ್ಕೆ ಮೌನ. ಹಗಲಿಡೀ ಪರರಿಗಾಗಿ ಓಡಾಡುವ ನಾವು, ಗುರುಗಳೂ ಸೇರಿ, ಮೊದಲು ಬಿಟ್ಟುಬಿಡುವುದು ಇದನ್ನೇ.

ಅದು ಪಲಾಯನವಾಗಿರಲಿಲ್ಲ. ಡಚ್ಚರು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದ ಸಿಂಹಳಕ್ಕೆ 1687ರಲ್ಲಿ ಕೂಲಿಯವನ ವೇಷದಲ್ಲಿ ಹೋದರು. 1692ರಲ್ಲಿ ಕ್ಯಾಂಡಿಯ ಅರಸನು ಅವರನ್ನು ಪೋರ್ತುಗೀಸ್ ಗೂಢಚಾರನೆಂದು ಶಂಕಿಸಿ ಸೆರೆಯಲ್ಲಿಟ್ಟನು. ಸೆರೆಯಲ್ಲಿಯೇ ಸಿಂಹಳ ಭಾಷೆ ಕಲಿತರು, ಗುಡಿಸಲಿನಂತಹ ಪ್ರಾರ್ಥನಾಲಯವೊಂದನ್ನು ಕಟ್ಟಿದರು. 1697ರಲ್ಲಿ ಸಿಡುಬು ಹಬ್ಬಿ, ಮನೆಮಂದಿಯೇ ರೋಗಿಗಳನ್ನು ತೊರೆದು ಓಡಿದಾಗ, ಅವರ ಹುಣ್ಣು ತೊಳೆದು ಉಣಿಸಿದವರು ಇದೇ ಕೈದಿ.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ದೈವಾಧೀನರಾದರು. ಪೋಪ್ ಫ್ರಾನ್ಸಿಸರು 2015ರ ಜನವರಿ 14ರಂದು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.