ಬೆಂಗಳೂರು ನಾಗರತ್ನಮ್ಮ: ಕಚೇರಿಯ ಗಳಿಕೆ ಮತ್ತು ಸಮಾಧಿಯ ಹಕ್ಕು

ಕರ್ನಾಟಕ ಸಂಗೀತದ ಚರಿತ್ರೆಗಳಲ್ಲಿ ಬೆಂಗಳೂರು ನಾಗರತ್ನಮ್ಮನವರ ಹೆಸರು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಭಕ್ತೆ ಎಂಬುದೇ ಆ ವಾಕ್ಯ. ಇದು ಸುಳ್ಳಲ್ಲ. ಆದರೆ ‘ಭಕ್ತೆ’ ಎಂಬ ವಿಶೇಷಣವು ಗುಡಿಗೆ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಹಿಂದಕ್ಕೆ ಸರಿಸುತ್ತದೆ. ಅದು ಅರಸರ ದತ್ತಿಯಿಂದಾಗಲಿ ಮಠದ ಉಂಬಳಿಯಿಂದಾಗಲಿ ಎದ್ದ ಗುಡಿಯಲ್ಲ. ದೇವದಾಸಿ ಮನೆತನದ ಹೆಣ್ಣೊಬ್ಬಳು ಊರೂರು ಸುತ್ತಿ ಕಚೇರಿ ಮಾಡಿ ಗಳಿಸಿದ್ದರಿಂದ ಎದ್ದದ್ದು. ಅಗಲಿದ ವಾಗ್ಗೇಯಕಾರನ ನೆನಪಿಗೆ ತನ್ನ ಹಾಡಿಕೆಯ ಸಂಪಾದನೆಯನ್ನು ಸುರಿದ ಗಾಯಕಿಗೆ ಆ ನೆನಪಿನ ಎದುರು ಹಾಡುವ ಹಕ್ಕು ಇತ್ತೇ ಎಂಬುದು ನಾಗರತ್ನಮ್ಮನವರ ಜೀವನವನ್ನು ಓದುವಾಗ ಎದುರಾಗುವ ಮುಖ್ಯ ಪ್ರಶ್ನೆ.

ನಾಗರತ್ನಮ್ಮನವರು ಹುಟ್ಟಿದ್ದು 1878ರ ನವೆಂಬರ್ 3ರಂದು, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ. ತಂದೆ ವಕೀಲರಾಗಿದ್ದ ಸುಬ್ಬರಾಯರು. ಅವರು ತಾಯಿ ಮಗಳನ್ನು ಕೈಬಿಟ್ಟರು. ಮೈಸೂರಿನಲ್ಲಿ ಆಶ್ರಯವಿತ್ತ ಗಿರಿಭಟ್ಟರ ತಿಮ್ಮಯ್ಯನವರು ಬಾಲಕಿಗೆ ಸಂಸ್ಕೃತ ಕಲಿಸಿದರು. ಆ ಆಶ್ರಯವೂ ಬಹುಕಾಲ ಉಳಿಯಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಮುನಿಸ್ವಾಮಪ್ಪನವರಲ್ಲಿ ಸಂಗೀತಾಭ್ಯಾಸ ನಡೆಯಿತು. ಮುನಿಸ್ವಾಮಪ್ಪನವರದು ವಾಲಾಜಪೇಟೆಯ ಶಿಷ್ಯಪರಂಪರೆ, ಎಂದರೆ ನೇರವಾಗಿ ತ್ಯಾಗರಾಜರಿಂದ ಇಳಿದು ಬಂದದ್ದು. ಮುಂದಿನ ಕಥೆಯಲ್ಲಿ ಈ ಸಂಗತಿಗೆ ಮಹತ್ವವಿದೆ. ಹದಿಹರೆಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ನಾಗರತ್ನಮ್ಮನವರಿಗೆ ಕುಲ, ಆಸ್ತಿ ಎಂದು ಹೇಳಿಕೊಳ್ಳಲು ಉಳಿದದ್ದು ಆ ಪಾಠವೊಂದೇ.

ಮೈಸೂರು ಆಸ್ಥಾನದ ಮನ್ನಣೆ, ನ್ಯಾಯಾಧೀಶ ನರಹರಿರಾಯರ ಪೋಷಣೆ, ಅನಂತರ ಮದರಾಸಿಗೆ ಸ್ಥಳಾಂತರ, ಇವೆಲ್ಲ ಬೇಗನೆ ನಡೆದುಹೋದವು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅವರು ಮದರಾಸಿನ ಬೇಡಿಕೆಯ ಗಾಯಕಿ. ಆದಾಯ ತೆರಿಗೆ ಕಟ್ಟುವಷ್ಟು ಗಳಿಕೆಯಿದ್ದವರು. ಈ ಸಮೃದ್ಧಿಯ ನಡುವೆಯೇ ಅವರು ಕೈಗೆತ್ತಿಕೊಂಡ ಸಾಹಿತ್ಯಕಾರ್ಯವೊಂದಿದೆ. ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವಿನ ಹಿಂದಿನ ಮುದ್ರಣವು ಕವಯಿತ್ರಿಯ ವಂಶದ ಮಾತನ್ನೂ ಹಲವು ಪದ್ಯಗಳನ್ನೂ ಕೈಬಿಟ್ಟಿತ್ತು. ನಾಗರತ್ನಮ್ಮನವರು ಪೂರ್ಣಪಾಠವನ್ನು ಸಂಪಾದಿಸಿ 1910ರಲ್ಲಿ ವಾವಿಳ್ಳ ಪ್ರಕಾಶನದಿಂದ ಹೊರತಂದರು. ಕಂದುಕೂರಿ ವೀರೇಶಲಿಂಗಂ ಅವರಂಥ ಸುಧಾರಕರೇ ಕಾವ್ಯವನ್ನು ಅಶ್ಲೀಲವೆಂದು ಜರೆದಿದ್ದರು. ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಪ್ರಕಾಶಂ ಅವರು ಮದರಾಸು ಪ್ರಾಂತ್ಯದ ಪ್ರಧಾನಿಯಾಗಿದ್ದಾಗ, ಸ್ವಾತಂತ್ರ್ಯದ ಹೊತ್ತಿಗೆ, ಆ ನಿಷೇಧ ತೆರವಾಯಿತು. ಗ್ರಂಥಸಂಪಾದನೆಯ ಇತಿಹಾಸ ಬರೆಯುವವರು ಕನ್ನಡನಾಡಿನ ಈ ಸಂಪಾದಕಿಯನ್ನು ಅಷ್ಟಾಗಿ ಗಮನಿಸಿಲ್ಲ. ಕೃತಿ ತೆಲುಗಿನದು ಎಂಬುದು ಅದಕ್ಕೆ ಸಾಕಷ್ಟು ಕಾರಣವೆನಿಸುವುದಿಲ್ಲ. ಅಳಿಸಿಹೋದ ಹೆಸರೊಂದನ್ನು ಮತ್ತೆ ನಿಲ್ಲಿಸುವ ಹಠ ಇಲ್ಲಿಯೇ ಮೊದಲು ಕಾಣಿಸಿಕೊಳ್ಳುತ್ತದೆ.

ತ್ಯಾಗರಾಜರು ತೀರಿಕೊಂಡದ್ದು 1847ರ ಜನವರಿ 6ರಂದು. ಕಾವೇರಿಯ ದಂಡೆಯಲ್ಲಿದ್ದ ಸಮಾಧಿಯನ್ನು ಉಮಯಾಳಪುರದ ಶಿಷ್ಯರು 1903ರಲ್ಲಿ ಜೀರ್ಣೋದ್ಧಾರ ಮಾಡಿದ್ದರೂ ಎರಡು ದಶಕ ಕಳೆಯುವಷ್ಟರಲ್ಲಿ ಅದು ಮತ್ತೆ ಪಾಳುಬಿದ್ದಿತ್ತು. ವಿಚಿತ್ರವೆಂದರೆ ಆ ವೇಳೆಗೆ ವರ್ಷವರ್ಷವೂ ಆರಾಧನೆ ನಡೆಯುತ್ತಲೇ ಇತ್ತು. ವಿದ್ವಾಂಸರು ಹಿರಿಯ ಬಣ, ಕಿರಿಯ ಬಣ ಎಂದು ಒಡೆದು ಪೈಪೋಟಿಯಿಂದ ಅದನ್ನು ನಡೆಸುತ್ತಿದ್ದರು. ಉತ್ಸವಕ್ಕೆ ಇಬ್ಬರು ಯಜಮಾನರಿದ್ದರು, ಸಮಾಧಿಗೆ ಒಬ್ಬರೂ ಇರಲಿಲ್ಲ. 1921ರಲ್ಲಿ ಅಲ್ಲಿಗೆ ಹೋದ ಮೈಸೂರಿನ ಬಿಡಾರಂ ಕೃಷ್ಣಪ್ಪನವರು ಸ್ಥಳದ ದುಃಸ್ಥಿತಿಯನ್ನು ಕಂಡು ನಾಗರತ್ನಮ್ಮನವರಿಗೆ ಪತ್ರ ಬರೆದರು. ತ್ಯಾಗರಾಜರು ಕನಸಿನಲ್ಲಿ ಬಂದರೆಂಬ ಕಥೆಯೂ ಪ್ರಚಾರದಲ್ಲಿದೆ. ಸಂತಚರಿತ್ರೆಗೆ ಕನಸು ಒಪ್ಪುತ್ತದೆ. ಚರಿತ್ರಕಾರನಿಗೆ ಪತ್ರವೇ ಹೆಚ್ಚಿನದು. ಸಹವಿದ್ವಾಂಸರೊಬ್ಬರು ಈ ಕೆಲಸಕ್ಕೆ ತಕ್ಕವರೆಂದು ನೆನೆದದ್ದು ಜಮೀನುದಾರರನ್ನಲ್ಲ, ಹಾಡಿ ಬದುಕುತ್ತಿದ್ದ ಹೆಂಗಸನ್ನು ಎಂಬುದನ್ನು ಆ ಪತ್ರ ತೋರಿಸುತ್ತದೆ.

ಅವರು ತಿರುವೈಯಾರಿಗೆ ಹೋಗಿ ಸಮಾಧಿಯ ಸುತ್ತಲಿನ ನೆಲವನ್ನು ಪಡೆದುಕೊಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ಶಂಕುಸ್ಥಾಪನೆಯಾಯಿತು. ಕೂಡಿಟ್ಟ ಹಣ ಖರ್ಚಾಯಿತು, ಒಡವೆಗಳನ್ನು ಮಾರಿದರು, ಕಚೇರಿಗಳ ಸಂಭಾವನೆ ಇಟ್ಟಿಗೆ ಗಾರೆಗಳಾಯಿತು. ದೇವದಾಸಿಯ ಬದುಕಿನಲ್ಲಿ ಒಡವೆ ಕೇವಲ ಅಲಂಕಾರವಲ್ಲ. ಗಂಡನ ಮನೆಯ ಆಸರೆಯಿಲ್ಲದ ಹೆಣ್ಣಿಗೆ ಮುಪ್ಪಿನ ಊಟ ಅದು. ಈ ಅರ್ಥದಲ್ಲಿ ಅವರು ಕೊಟ್ಟದ್ದು ಮಿಕ್ಕ ಹಣವನ್ನಲ್ಲ. ತ್ಯಾಗರಾಜರ ವಿಗ್ರಹವನ್ನು ಸ್ಥಾಪಿಸಿ 1925ರ ಜನವರಿ 7ರಂದು ಕುಂಭಾಭಿಷೇಕ ನೆರವೇರಿತು.

ಗುಡಿ ಎದ್ದಿತು, ಎರಡೂ ಬಣಗಳು ಅದರ ಎದುರು ಆರಾಧನೆ ನಡೆಸಿದವು. ಆದರೆ ಹೆಂಗಸರು ಅಲ್ಲಿ ಹಾಡುವಂತಿರಲಿಲ್ಲ. ಕಟ್ಟಿಸಿದವರಿಗೂ ಈ ಕಟ್ಟಳೆಯಿಂದ ವಿನಾಯಿತಿ ಸಿಗಲಿಲ್ಲ. ಅವರ ಹಣಕ್ಕೆ ಇಲ್ಲದ ಮೈಲಿಗೆ ಅವರ ಕಂಠಕ್ಕೆ ಅಂಟಿಕೊಂಡಿತ್ತು. ನಾಗರತ್ನಮ್ಮನವರು ಬೇಡುತ್ತ ನಿಲ್ಲಲಿಲ್ಲ. ದೇವದಾಸಿ ಗಾಯಕಿಯರನ್ನು ಕರೆಸಿಕೊಂಡು ಗುಡಿಯ ಹಿಂಭಾಗದಲ್ಲಿ ತಮ್ಮದೇ ಆರಾಧನೆ ಆರಂಭಿಸಿದರು. ಎರಡು ಬಣಗಳ ಜೊತೆಗೆ ಹೆಂಗಸರ ಬಣವೆಂಬ ಮೂರನೆಯದು ಹುಟ್ಟಿತು. ತ್ಯಾಗರಾಜರ ಅಷ್ಟೋತ್ತರ ಶತನಾಮಾವಳಿಯನ್ನೂ ಅವರು ರಚಿಸಿದರು. ಹಾಡು ಬೇಡವೆಂದವರ ನಡುವೆ ಅರ್ಚನೆಯ ಮಾತನ್ನೇ ತಮ್ಮದಾಗಿಸಿಕೊಂಡ ನಡೆ ಇದು.

ಇದೇ ವರ್ಷಗಳಲ್ಲಿ ಮುತ್ತುಲಕ್ಷ್ಮಿ ರೆಡ್ಡಿಯವರು ದೇವದಾಸಿ ಪದ್ಧತಿಯ ವಿರುದ್ಧ ಮದರಾಸು ಶಾಸನಸಭೆಯಲ್ಲಿ ಯತ್ನಿಸುತ್ತಿದ್ದರು. ಮದರಾಸಿನ ದೇವದಾಸಿ ಸಂಘದ ಮುಂದಾಳಾಗಿ ನಾಗರತ್ನಮ್ಮನವರು ಅದನ್ನು ವಿರೋಧಿಸಿದರು. ಇದನ್ನು ಸಂಪ್ರದಾಯಶರಣತೆ ಎಂದು ಓದುವುದು ಸುಲಭ. ತಿರುವೈಯಾರಿನ ಬೆಳಕಿನಲ್ಲಿ ಓದಿದರೆ, ತಮ್ಮ ಕಲೆ, ಆಸ್ತಿ ಮತ್ತು ದಾನದ ಅಧಿಕಾರವನ್ನು ಬಿಟ್ಟುಕೊಡಲು ಒಲ್ಲದ ಹೆಂಗಸರ ವಾದವಾಗಿಯೂ ಅದು ಕಾಣುತ್ತದೆ. ಆದರೂ ಆ ಪದ್ಧತಿಯಲ್ಲಿ ನಲುಗಿದ, ಹೆಸರೂ ಗಳಿಕೆಯೂ ಇಲ್ಲದ ಹೆಣ್ಣುಗಳ ಪಾಡು ಈ ವಾದದಲ್ಲಿ ಪೂರ್ತಿಯಾಗಿ ಒಳಗೊಂಡಿದೆಯೇ ಎಂಬ ಸಂಶಯ ಉಳಿದೇ ಉಳಿಯುತ್ತದೆ.

1940ರ ಹೊತ್ತಿಗೆ ಐ.ಸಿ.ಎಸ್. ಅಧಿಕಾರಿ ಎಸ್.ವೈ. ಕೃಷ್ಣಸ್ವಾಮಿಯವರ ಮಧ್ಯಸ್ಥಿಕೆಯಲ್ಲಿ ಮೂರೂ ಬಣಗಳು ಒಂದಾದವು. ಪುಷ್ಯ ಬಹುಳ ಪಂಚಮಿಯ ಆರಾಧನೆಯಲ್ಲಿ ಹೆಂಗಸರಿಗೂ ಸ್ಥಾನ ದೊರೆಯಿತು. ಕೊನೆಗಾಲವನ್ನು ತಿರುವೈಯಾರಿನಲ್ಲಿಯೇ ಕಳೆದ ನಾಗರತ್ನಮ್ಮನವರು ಈ ಒಪ್ಪಂದವನ್ನು ವಿದ್ವಾಂಸರ ಸೌಜನ್ಯಕ್ಕಷ್ಟೇ ಒಪ್ಪಿಸಿಬಿಡಲಿಲ್ಲ. 1949ರಲ್ಲಿ ಉಯಿಲು ಬರೆಸಿ ತಮ್ಮ ಆಸ್ತಿಯನ್ನು ಸಮಾಧಿಯ ಸೇವೆಗಾಗಿ ದತ್ತಿಯಿಟ್ಟರು. ದೇವದಾಸಿಯರೂ ಸೇರಿ ಹೆಂಗಸರೆಲ್ಲರಿಗೂ ಅಲ್ಲಿ ಪೂಜಿಸುವ, ಹಾಡುವ ಅವಕಾಶವಿರಬೇಕೆಂಬ ಷರತ್ತನ್ನು ಅದರಲ್ಲಿ ಸೇರಿಸಿದರು. ಗಳಿಸಿಕೊಟ್ಟ ಹಣಕ್ಕೆ ಅವರು ಕೇಳಿದ ಪ್ರತಿಫಲ ಇದೊಂದೇ, ಅದನ್ನೂ ತಮ್ಮೊಬ್ಬರಿಗಾಗಿ ಕೇಳಲಿಲ್ಲ.

1952ರ ಮೇ 19ರಂದು ಅವರು ತೀರಿಕೊಂಡರು. ತ್ಯಾಗರಾಜರ ಸಮಾಧಿಯ ಸಮೀಪದಲ್ಲಿಯೇ ಅವರದೂ ಸಮಾಧಿಯಾಯಿತು. ಅಲ್ಲಿ ನಿಲ್ಲಿಸಿದ ಅವರ ಪ್ರತಿಮೆಯ ಮುಖ ಗುಡಿಯ ಕಡೆಗಿದೆ.